ಬೆಲೆಯ ಜಗಳ, ಹಕ್ಕಿನ ಗಂಟು: ಸತ್ಯವೇದ ತಂತ್ರಾಂಶ ಮತ್ತು ಒಂಟಿ ಪ್ರೋಗ್ರಾಮರ್

2018ರ ಜೂನ್‌ನಲ್ಲಿ ಬೈಬಲ್‌ವರ್ಕ್ಸ್ ಎಂಬ ಅಮೆರಿಕದ ಕಂಪನಿ ಬಾಗಿಲು ಹಾಕಿತು. ಮೈಕೆಲ್ ಬುಶೆಲ್ 1992ರಲ್ಲಿ ಶುರು ಮಾಡಿದ ಅದರ ಬೈಬಲ್ ಅಧ್ಯಯನದ ತಂತ್ರಾಂಶವನ್ನು ಹೀಬ್ರೂ, ಗ್ರೀಕ್ ಮೂಲ ಓದುವವರು ಕಾಲು ಶತಮಾನ ನೆಚ್ಚಿಕೊಂಡಿದ್ದರು. ಅದು ದುಡ್ಡು ಕೊಟ್ಟು ಕೊಳ್ಳಬೇಕಾದದ್ದು, ಅಗ್ಗವೂ ಅಲ್ಲ. ಅದೇ ಹೊತ್ತಿಗೆ ಇ-ಸ್ವೋರ್ಡ್ ಎಂಬ ಇನ್ನೊಂದು ತಂತ್ರಾಂಶ ವಿಂಡೋಸ್ ಬಳಕೆದಾರರಿಂದ ಬಿಡಿಗಾಸೂ ಕೇಳದೆ ಸುಮಾರು ಹದಿನೆಂಟು ವರ್ಷ ಕಳೆದಿತ್ತು. ಅದನ್ನು ಬರೆದವರು ರಿಕ್ ಮೈಯರ್ಸ್ ಎಂಬ ಒಬ್ಬರೇ ಪ್ರೋಗ್ರಾಮರ್. ಮಾರಿದ್ದು ಮುಚ್ಚಿತು, ಹಂಚಿದ್ದು ಉಳಿಯಿತು ಎಂದು ತೀರ್ಪು ಕೊಡಲು ಇಷ್ಟು ಸಾಕೆ? ಸಾಲದು. ಮಾರುತ್ತಲೇ ಬೆಳೆದ ಲೋಗೋಸ್ ಎಂಬ ಬೈಬಲ್ ತಂತ್ರಾಂಶ ಕಣ್ಣೆದುರಿಗಿದೆ. ಉಚಿತವಾಗಿ ಹಂಚಿದ ಎಷ್ಟೋ ತಂತ್ರಾಂಶಗಳು ಸದ್ದಿಲ್ಲದೆ ಮಾಯವಾಗಿವೆ. ಕೊಂಡವರೇ ಇಲ್ಲದ ಮೇಲೆ ಕೇಳುವವರಾದರೂ ಯಾರು?

ಕ್ರೈಸ್ತ ಪ್ರೋಗ್ರಾಮರ್ ಒಬ್ಬ ಸತ್ಯವೇದದ, ಅಂದರೆ ಬೈಬಲಿನ, ಅಧ್ಯಯನಕ್ಕೆಂದು ಬರೆದ ತಂತ್ರಾಂಶವನ್ನು ಲೋಕಕ್ಕೆ ಹೇಗೆ ಬಿಡಬೇಕು? ಈ ಚರ್ಚೆಗೆ ಈಗ ನಲವತ್ತು ವರ್ಷ ದಾಟಿದೆ. ವಾದ ಹೆಚ್ಚಾಗಿ ನಡೆಯುವುದು ಬೆಲೆಯ ಸುತ್ತ. ಗಂಟು ಇರುವುದು ಬೇರೆ ಎರಡು ಕಡೆ ಎಂದು ನನ್ನ ಅನಿಸಿಕೆ: ಪಠ್ಯದ ಹಕ್ಕು ಯಾರ ಕೈಲಿದೆ ಎಂಬುದು ಒಂದು, ಬರೆದವನು ಕೈಬಿಟ್ಟ ಮೇಲೆ ತಂತ್ರಾಂಶವನ್ನು ಯಾರು ಎತ್ತಿಕೊಳ್ಳುತ್ತಾರೆ ಎಂಬುದು ಇನ್ನೊಂದು.

ಕ್ರೂಡನ್‌ನಿಂದ ಫ್ಲಾಪಿಯವರೆಗೆ

ಒಂದು ಪದ ಸತ್ಯವೇದದಲ್ಲಿ ಎಲ್ಲೆಲ್ಲಿ ಬರುತ್ತದೆ ಎಂದು ಹುಡುಕಿಕೊಡುವುದೇ ಈ ತಂತ್ರಾಂಶಗಳ ಮೂಲ ಕಸುಬು. ಅದು ಕಂಪ್ಯೂಟರಿಗಿಂತ ಏಳು ಶತಮಾನ ಹಿರಿದು. 13ನೇ ಶತಮಾನದಲ್ಲಿ ಪ್ಯಾರಿಸ್ಸಿನ ಡೊಮಿನಿಕನ್ ಸನ್ಯಾಸಿಗಳು ಸೇಂಟ್-ಶೆರ್‌ನ ಹ್ಯೂ ಅವರ ಮುಂದಾಳತ್ವದಲ್ಲಿ ಲ್ಯಾಟಿನ್ ಬೈಬಲಿಗೆ ಕನ್‌ಕಾರ್ಡೆನ್ಸ್, ಅಂದರೆ ಪದಾನುಕ್ರಮಣಿಕೆ, ಕಟ್ಟಿದರು. ಮಠದ ಕೆಲಸವಾದ್ದರಿಂದ ಕೂಲಿಯ ಮಾತೇ ಏಳಲಿಲ್ಲ.

ಒಂಟಿ ದುಡಿಮೆಯ ಕಥೆ ಶುರುವಾಗುವುದು ಲಂಡನ್ನಿನ ಅಲೆಕ್ಸಾಂಡರ್ ಕ್ರೂಡನ್‌ನಿಂದ. ಪುಸ್ತಕದಂಗಡಿ ಇಟ್ಟುಕೊಂಡಿದ್ದ ಆತ ಒಬ್ಬನೇ ಕುಳಿತು ಇಡೀ ಇಂಗ್ಲಿಷ್ ಬೈಬಲಿನ ಪದಾನುಕ್ರಮಣಿಕೆ ಮಾಡಿ 1737ರಲ್ಲಿ ಅಚ್ಚು ಹಾಕಿಸಿದ. ಕ್ಯಾರೊಲಿನ್ ರಾಣಿಗೆ ಅರ್ಪಿಸಿ ಪ್ರತಿಯನ್ನು ಕೈಗಿತ್ತ. ಕೆಲವೇ ದಿನಗಳಲ್ಲಿ ರಾಣಿ ತೀರಿಕೊಂಡಳು, ನೆಚ್ಚಿಕೊಂಡಿದ್ದ ನೆರವು ಬರಲಿಲ್ಲ. ಅಂಗಡಿ ಮುಚ್ಚಿತು. ಮರುವರ್ಷ ಅವನನ್ನು ಹುಚ್ಚನೆಂದು ಕೂಡಿಹಾಕಿದರು. ಎರಡನೆಯ ಮುದ್ರಣ ಬರಲು 1761ರವರೆಗೆ ಕಾಯಬೇಕಾಯಿತು. ಆ ಪುಸ್ತಕ ಇವತ್ತಿಗೂ ಮಾರಾಟದಲ್ಲಿದೆ. ಪೋಷಕರನ್ನು ನಂಬಿ ದೊಡ್ಡ ಕೆಲಸಕ್ಕೆ ಕೈಹಾಕುವ ಇಂದಿನ ಪ್ರೋಗ್ರಾಮರುಗಳು ಕ್ರೂಡನ್‌ನ ಜೀವನಚರಿತ್ರೆಯನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು.

1890ರಲ್ಲಿ ಜೇಮ್ಸ್ ಸ್ಟ್ರಾಂಗ್ ನೂರಕ್ಕೂ ಹೆಚ್ಚು ಸಹಾಯಕರೊಡನೆ ತಂದ ಪದಾನುಕ್ರಮಣಿಕೆಯಲ್ಲಿ ಒಂದು ಹೊಸ ಉಪಾಯವಿತ್ತು. ಮೂಲದ ಪ್ರತಿಯೊಂದು ಹೀಬ್ರೂ, ಗ್ರೀಕ್ ಪದಕ್ಕೂ ಒಂದು ಸಂಖ್ಯೆ: ಹೀಬ್ರೂವಿಗೆ 8674ರವರೆಗೆ, ಗ್ರೀಕಿಗೆ 5624ರವರೆಗೆ. ಗ್ರೀಕ್ ಅಕ್ಷರ ಗೊತ್ತಿಲ್ಲದವನೂ ಇಂಗ್ಲಿಷ್ ಪದದ ಹಿಂದಿರುವ ಮೂಲಪದವನ್ನು ಸಂಖ್ಯೆ ಹಿಡಿದು ತಲುಪಬಹುದಾಯಿತು. ಡೇಟಾಬೇಸ್ ಹುಟ್ಟುವ ಮೊದಲೇ ಡೇಟಾಬೇಸಿನ ಕೀಲಿ ಸಿದ್ಧವಾಗಿತ್ತು.

ಕಂಪ್ಯೂಟರ್ ಕಾಲಿಟ್ಟದ್ದು ದೊಡ್ಡ ಸಂಸ್ಥೆಗಳ ಬೆನ್ನೇರಿ. ರಾಬರ್ಟೊ ಬೂಸಾ ಎಂಬ ಯೇಸುಸಭೆಯ ಪಾದ್ರಿ 1949ರಲ್ಲಿ ಐಬಿಎಮ್‌ನ ಥಾಮಸ್ ವಾಟ್ಸನ್‌ರನ್ನು ಒಪ್ಪಿಸಿ ಸಂತ ಥಾಮಸ್ ಅಕ್ವಿನಾಸರ ಬರಹಗಳ ಪದಸೂಚಿಗೆ ಕೈಹಾಕಿದರು. ಜಾನ್ ಎಲಿಸನ್ ಯುನಿವ್ಯಾಕ್ ಯಂತ್ರ ಬಳಸಿ ಸಿದ್ಧಪಡಿಸಿದ ರಿವೈಸ್ಡ್ ಸ್ಟ್ಯಾಂಡರ್ಡ್ ಆವೃತ್ತಿಯ ಪದಾನುಕ್ರಮಣಿಕೆ 1957ರಲ್ಲಿ ಬಂತು. ಗ್ರೀಕ್ ವ್ಯಾಕರಣದ ಜಾಡು ಹಿಡಿದು ಹುಡುಕುವ ಗ್ರಾಮ್‌ಕಾರ್ಡ್ 1976ರಲ್ಲಿ ಆರಂಭವಾಯಿತು. ಮನೆಯ ಕಂಪ್ಯೂಟರಿನಲ್ಲಿ ಬೈಬಲ್ ಹುಡುಕುವ ಅನುಕೂಲ ಸಿಕ್ಕಿದ್ದು 1982ರಲ್ಲಿ, ಟೆಕ್ಸಾಸಿನ ಬೈಬಲ್ ರಿಸರ್ಚ್ ಸಿಸ್ಟಮ್ಸ್ ಆ್ಯಪಲ್ ಮತ್ತು ಟಿಆರ್‌ಎಸ್-80 ಯಂತ್ರಗಳಿಗೆ ತಂತ್ರಾಂಶ ಬಿಟ್ಟಾಗ. ಕಿಂಗ್ ಜೇಮ್ಸ್ ಬೈಬಲಿನ 31,102 ವಚನಗಳೆಂದರೆ ಸುಮಾರು ನಾಲ್ಕು ಮೆಗಾಬೈಟ್. ಆ ದಶಕದಲ್ಲಿ ಬಹಳ ಬಳಕೆಯಲ್ಲಿದ್ದ ಫ್ಲಾಪಿ ಹಿಡಿಯುತ್ತಿದ್ದದ್ದು 360 ಕಿಲೋಬೈಟ್. ಹಿಂಡಿ ಕುಗ್ಗಿಸದಿದ್ದರೆ ಹನ್ನೆರಡು ಫ್ಲಾಪಿ ಬೇಕು. ಇಡೀ ಗ್ರಂಥವನ್ನು ಆ ಜಾಗದಲ್ಲಿ ಕೂರಿಸಿ ಕ್ಷಣದಲ್ಲಿ ಹುಡುಕಿಕೊಡುವುದು ನುರಿತ ಕೈಗೂ ಸವಾಲು. ಇಂಥ ಸವಾಲಿಗೆ ಮರುಳಾಗದ ಪ್ರೋಗ್ರಾಮರ್ ಅಪರೂಪ. ಈ ಕ್ಷೇತ್ರಕ್ಕೆ ಇಷ್ಟೊಂದು ಒಂಟಿಗರು ಬಂದದ್ದಕ್ಕೆ ಭಕ್ತಿಯ ಜತೆಗೆ ಆ ಹುಚ್ಚೂ ಕಾರಣ.

ಉಚಿತವಾಗಿ ಕೊಡಿ ಎನ್ನುವವರು

ಮತ್ತಾಯ 10:8ರಲ್ಲಿ ಯೇಸು ಶಿಷ್ಯರಿಗೆ ಹೇಳುವ ಮಾತು, ಉಚಿತವಾಗಿ ಹೊಂದಿದ್ದನ್ನು ಉಚಿತವಾಗಿಯೇ ಕೊಡಿ ಎಂಬುದು, ಈ ಚರ್ಚೆಯ ಮೊದಲ ಪಂಥದ ಬುನಾದಿ. ಕೆನಡಾದ ಲ್ಯಾರಿ ಪಿಯರ್ಸ್ 1980ರ ದಶಕದ ಕೊನೆಯಲ್ಲಿ ಬಿಟ್ಟ ಆನ್‌ಲೈನ್ ಬೈಬಲ್, 2000ದಲ್ಲಿ ಬಂದ ಇ-ಸ್ವೋರ್ಡ್, ಗ್ರೀಸಿನ ಕೋಸ್ಟಾಸ್ ಸ್ಟೆರ್ಗಿಯು ಬರೆದ ದ ವರ್ಡ್ ಈ ಸಾಲಿನವು. ಹೆಸರು ‘ಆನ್‌ಲೈನ್’ ಆದರೂ ಪಿಯರ್ಸ್‌ರ ತಂತ್ರಾಂಶಕ್ಕೆ ಇಂಟರ್‌ನೆಟ್ ಬೇಕಿರಲಿಲ್ಲ.

ಈ ತಂತ್ರಾಂಶಗಳು ಅಷ್ಟು ದೂರ ಹೇಗೆ ಹಬ್ಬಿದವು ಎಂಬುದನ್ನು ಈ ಪಂಥ ಚೆನ್ನಾಗಿ ವಿವರಿಸುತ್ತದೆ. ಗ್ರಂಥಾಲಯವೇ ಇಲ್ಲದ ಊರಿನ ಸಭಾಪಾಲಕನಿಗೆ ಒಂದು ಸಿ.ಡಿ.ಯಲ್ಲಿ ವ್ಯಾಖ್ಯಾನ, ನಿಘಂಟು, ಭೂಪಟ ಎಲ್ಲ ಸಿಕ್ಕರೆ ಬೆಲೆಯಿಲ್ಲದಿರುವುದೇ ಅದರ ದೊಡ್ಡ ಗುಣ. ಆದರೆ ಉಚಿತ ಎನ್ನುವುದೂ ನೇರ ಗೆರೆಯಲ್ಲ. ಇ-ಸ್ವೋರ್ಡ್‌ನ ಐಪ್ಯಾಡ್, ಮ್ಯಾಕ್ ಆವೃತ್ತಿಗಳಿಗೆ ಬೆಲೆ ಇದೆ. ಹಕ್ಕುಸ್ವಾಮ್ಯ ಇರುವ ಹೊಸ ಅನುವಾದ ಬೇಕೆಂದರೆ ಹೆಚ್ಚಾಗಿ ಹಣ ಕೊಡಬೇಕು, ಅದು ಹೋಗುವುದು ಪ್ರಕಾಶಕರಿಗೆ.

ಹೆಚ್ಚು ಯಾರೂ ಗಮನಿಸದ ಸಂಗತಿ ಇನ್ನೊಂದಿದೆ. ಉಚಿತ ತಂತ್ರಾಂಶದ ಕಪಾಟಿನಲ್ಲಿ ಏನಿರುತ್ತದೆ ನೋಡಿ: 18ನೇ ಶತಮಾನದ ಆದಿಯಲ್ಲಿ ಮ್ಯಾಥ್ಯೂ ಹೆನ್ರಿ ಬರೆದ ವ್ಯಾಖ್ಯಾನ, 1889ರ ಥೇಯರ್ ಗ್ರೀಕ್ ನಿಘಂಟು, 1890ರ ಸ್ಟ್ರಾಂಗ್, 1897ರ ಈಸ್ಟನ್ ಬೈಬಲ್ ನಿಘಂಟು. ಹಕ್ಕಿನ ಅವಧಿ ಮುಗಿದದ್ದೇ ಹೆಚ್ಚಾಗಿ ಅಲ್ಲಿಗೆ ಬರುತ್ತದೆ. ಈಜಿಪ್ಟಿನ ಮರಳಿನಿಂದ ಎದ್ದ ಪಪೈರಸ್ ಪತ್ರಗಳನ್ನು ಹಿಡಿದು ಅಡಾಲ್ಫ್ ಡೈಸ್‌ಮನ್, ಹೊಸ ಒಡಂಬಡಿಕೆಯ ಗ್ರೀಕ್ ಸಂತೆ-ಪೇಟೆಯ ಜನರ ಆಡುಮಾತಿಗೆ ಹತ್ತಿರದ್ದು ಎಂದು ತೋರಿಸಿದ್ದು ಥೇಯರ್ ನಿಘಂಟು ಬಂದ ಮೇಲೆ. ಪದದ ಬೇರು ಹಿಡಿದು ಅರ್ಥ ಹೊರಡಿಸುವ ರೂಢಿಯನ್ನು ಜೇಮ್ಸ್ ಬಾರ್ 1961ರಲ್ಲಿ ಕಟುವಾಗಿ ಟೀಕಿಸಿದರು. ಆದರೂ ಸ್ಟ್ರಾಂಗ್ ಸಂಖ್ಯೆಯ ಮೇಲೆ ಒತ್ತಿ, ಬೇರಿನ ಅರ್ಥವನ್ನು ಭಾನುವಾರದ ಪ್ರಸಂಗಕ್ಕೆ ಒಯ್ಯುವುದು ಇಂದಿಗೂ ನಡೆದೇ ಇದೆ. ಪ್ರೋಗ್ರಾಮರ್ ದುಡ್ಡು ಕೇಳಲಿಲ್ಲ ನಿಜ, ಜತೆಗೆ ವಿಕ್ಟೋರಿಯಾ ಕಾಲದ ಪಾಂಡಿತ್ಯವನ್ನು ಲಕ್ಷಾಂತರ ಓದುಗರ ತಲೆಯ ಮೇಲೆ ಕೂರಿಸಿಬಿಟ್ಟ. ಇದು ಅವನ ಆಯ್ಕೆಯಲ್ಲ, ಹಕ್ಕುಸ್ವಾಮ್ಯ ಕಾಯ್ದೆ ಮಾಡಿದ ಆಯ್ಕೆ.

ಕೂಲಿಯ ಪಕ್ಷ

ಎರಡನೆಯ ಪಂಥದವರೂ ಸತ್ಯವೇದವನ್ನೇ ತೆರೆಯುತ್ತಾರೆ. ದುಡಿಯುವವನು ಕೂಲಿಗೆ ಯೋಗ್ಯನೆಂದು ಒಂದನೆಯ ತಿಮೊಥೆಯ 5:18 ಹೇಳುತ್ತದೆ. ಸುವಾರ್ತೆ ಸಾರುವವರ ಜೀವನೋಪಾಯದ ಹಕ್ಕನ್ನು ಪೌಲ ಒಂದನೆಯ ಕೊರಿಂಥ 9ರಲ್ಲಿ ಎತ್ತಿಹಿಡಿಯುತ್ತಾನೆ. ತಮಾಷೆಯೆಂದರೆ ಅದೇ ಅಧ್ಯಾಯದಲ್ಲಿ ಆ ಹಕ್ಕನ್ನು ತಾನು ಬಳಸಿಕೊಳ್ಳಲಿಲ್ಲ ಎಂದೂ ಹೇಳುತ್ತಾನೆ. ಅವನು ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದದ್ದನ್ನು ಅಪೊಸ್ತಲರ ಕೃತ್ಯಗಳು ದಾಖಲಿಸಿದೆ. ಹಾಗಾಗಿ ಎರಡೂ ಕಡೆಯವರಿಗೆ ಪೌಲನೇ ಸಾಕ್ಷಿ.

ಒಳ್ಳೆಯ ತಂತ್ರಾಂಶಕ್ಕೆ ಹಣ ಏಕೆ ಬೇಕು ಎಂಬುದಕ್ಕೆ ಈ ಪಂಥದ ಬಳಿ ಉತ್ತರವಿದೆ. ಆಧುನಿಕ ಗ್ರೀಕ್ ನಿಘಂಟು ಬೇಕೆಂದರೆ ಪ್ರಕಾಶಕರಿಗೆ ರಾಯಧನ ಕೊಡಬೇಕು. ವಿಂಡೋಸ್ ಬದಲಾದಾಗಲೆಲ್ಲ ಕೋಡ್ ತಿದ್ದಬೇಕು. ರಾತ್ರಿ ಹತ್ತಕ್ಕೆ ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಬರೆಯುವವರಿಗೆ ಉತ್ತರ ಕೊಡಬೇಕು. ಮ್ಯಾಕ್‌ಗೆಂದು ರಾಯ್ ಬ್ರೌನ್ 1994ರಲ್ಲಿ ತಂದ ಅಕಾರ್ಡೆನ್ಸ್, ಮೈಕ್ರೋಸಾಫ್ಟಿನಲ್ಲಿದ್ದ ಬಾಬ್ ಪ್ರಿಚೆಟ್ ಗೆಳೆಯರೊಡನೆ ಕಟ್ಟಿದ ಲೋಗೋಸ್ ಬೆಳೆದದ್ದು ಹೀಗೆ.

ಆದರೆ ಮಾರಾಟಕ್ಕೆ ಬಂದದ್ದು ಯಾರ ಕೈಗಾದರೂ ಹೋದೀತು. ಕ್ರೇಗ್ ರೇರ್ಡನ್ ಪಾರ್ಸನ್ಸ್ ಟೆಕ್ನಾಲಜಿಗಾಗಿ ಬರೆದ ಕ್ವಿಕ್‌ವರ್ಸ್ ಒಂದು ಕಾಲಕ್ಕೆ ಮನೆಮಾತು. 1994ರಲ್ಲಿ ಪಾರ್ಸನ್ಸನ್ನು ಇಂಟ್ಯೂಟ್ ಕಂಪನಿ ಕೊಂಡಿತು. ಆಮೇಲೆ ಕ್ವಿಕ್‌ವರ್ಸ್ ಕೈಯಿಂದ ಕೈಗೆ ದಾಟಿ 2011ರಲ್ಲಿ ವರ್ಡ್‌ಸರ್ಚ್ ಕಂಪನಿಯ ಪಾಲಾಯಿತು. 2020ರಲ್ಲಿ ವರ್ಡ್‌ಸರ್ಚೇ ಲೋಗೋಸ್‌ನ ಒಡೆಯನಾದ ಫೇತ್‌ಲೈಫ್ ಪಾಲಾಯಿತು. ರೇರ್ಡನ್ 1998ರಲ್ಲೇ ಲಾರಿಡಿಯನ್ ಎಂಬ ಸಣ್ಣ ಕಂಪನಿ ಕಟ್ಟಿ ಅಂಗೈ ಕಂಪ್ಯೂಟರುಗಳತ್ತ ಹೊರಳಿದ್ದರು. ಇನ್ನು ಲೋಗೋಸ್ 2024ರಲ್ಲಿ ಚಂದಾ ಪದ್ಧತಿಗೆ ತಿರುಗಿತು. ಕೊಂಡ ಪುಸ್ತಕ ನಮ್ಮದೋ, ಓದಲು ಸಿಕ್ಕ ಅನುಮತಿ ಮಾತ್ರವೋ ಎಂಬ ಹಳೆಯ ಗುಮಾನಿ ಆಗ ಮತ್ತೆ ತಲೆಯೆತ್ತಿತು.

ಸೋರ್ಸ್ ತೆರೆದಿಟ್ಟವರು

ಬೆಲೆ ಗೌಣ, ಸೋರ್ಸ್ ಕೋಡ್ ಯಾರ ಕೈಗೂ ಸಿಗಬೇಕು ಎನ್ನುವುದು ಮೂರನೆಯ ಪಂಥ. 1990ರ ದಶಕದಲ್ಲಿ ಟ್ರಾಯ್ ಗ್ರಿಫಿಟ್ಸ್ ಆರಂಭಿಸಿದ ಸ್ವೋರ್ಡ್ ಯೋಜನೆ, ಅದನ್ನು ನಡೆಸುವ ಕ್ರಾಸ್‌ವೈರ್ ಬೈಬಲ್ ಸೊಸೈಟಿ ಇದರ ಮುಖ್ಯ ಮನೆ. ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಒಂದೇ ಎಂಜಿನ್, ಅದರ ಮೇಲೆ ಯಾರು ಬೇಕಾದರೂ ಹೊರಮೈ ಕಟ್ಟಬಹುದು: ಲಿನಕ್ಸಿನಲ್ಲಿ ಜಿಫಾಸ್ ಮತ್ತು ಬೈಬಲ್‌ಟೈಮ್, ಆಂಡ್ರಾಯ್ಡ್‌ನಲ್ಲಿ ಆ್ಯಂಡ್‌ಬೈಬಲ್.

ಬರೆದವನ ನಂತರ ಏನು ಎಂಬುದಕ್ಕೆ ಸರಿಯಾದ ಉತ್ತರ ಇರುವುದು ಇವರ ಬಳಿ ಮಾತ್ರ. ಆ್ಯಂಡ್‌ಬೈಬಲ್ ಶುರು ಮಾಡಿದವರು ಮಾರ್ಟಿನ್ ಡೆನ್‌ಹಮ್, ಮುಂದುವರಿಸುತ್ತಿರುವವರು ಬೇರೆಯವರು. ಸ್ವೋರ್ಡ್‌ನ ಜಾವಾ ರೂಪವಾದ ಜೆಸ್ವೋರ್ಡ್ ಮೇಲೆ ಕೇಂಬ್ರಿಜ್‌ನ ಟಿಂಡೇಲ್ ಹೌಸ್ ಸ್ಟೆಪ್‌ಬೈಬಲ್ ಕಟ್ಟಿತು. ಒಬ್ಬನ ಕೆಲಸದ ಮೇಲೆ ಇನ್ನೊಬ್ಬ ನಿಲ್ಲುವುದು ಇಲ್ಲಿ ಸಲೀಸು.

ಇವರ ಕಷ್ಟಗಳು ಬೇರೆ ಬಗೆಯವು. ಮೊದಮೊದಲು ಸ್ವೋರ್ಡ್ ಕಿಂಗ್ ಜೇಮ್ಸ್‌ನ ಅಧ್ಯಾಯ-ವಚನ ಎಣಿಕೆಯನ್ನೇ ಚೌಕಟ್ಟು ಮಾಡಿಕೊಂಡಿತ್ತು. ಹೀಬ್ರೂ ಬೈಬಲಿನಲ್ಲಿ ಮಲಾಕಿಗೆ ಮೂರೇ ಅಧ್ಯಾಯ, ಇಂಗ್ಲಿಷಿನಲ್ಲಿ ನಾಲ್ಕು. ಯೋವೇಲನಿಗೆ ಅದೇ ತಿರುವುಮುರುವು. ಗ್ರೀಕ್ ಸಂಪ್ರದಾಯದ ಕೀರ್ತನೆಗಳ ಸಂಖ್ಯೆ ಬಹುಪಾಲು ಒಂದರಷ್ಟು ಹಿಂದೆ. ಪ್ರೊಟೆಸ್ಟಂಟರ 66 ಪುಸ್ತಕ, ಕಥೋಲಿಕರ 73. ಒಂಟಿ ಪ್ರೋಗ್ರಾಮರ್ ತನ್ನ ಸಭೆಯ ಬೈಬಲನ್ನೇ ಲೋಕದ ಬೈಬಲೆಂದು ಭಾವಿಸಿ ಕೋಡ್ ಬರೆದರೆ ಉಳಿದವರೆಲ್ಲ ಆ ಎಣಿಕೆಯಿಂದ ಹೊರಗೆ. ಬೇರೆ ಬೇರೆ ಎಣಿಕೆಗಳನ್ನು ಒಳಗೊಳ್ಳಲು ಸ್ವೋರ್ಡ್‌ಗೆ ವರ್ಷಗಳೇ ಹಿಡಿದವು.

ಪಠ್ಯಕ್ಕೆ ಬಿದ್ದ ಬೀಗ

ಕೋಡ್ ಎಷ್ಟೇ ಮುಕ್ತವಾಗಿರಲಿ, ಒಳಗಿನ ಅನುವಾದ ಮುಕ್ತವಲ್ಲದಿದ್ದರೆ ಏನು ಮಾಡುವುದು? ಸ್ವೋರ್ಡ್‌ನಂಥ ಮುಕ್ತ ಎಂಜಿನ್‌ನಲ್ಲೇ ಬೀಗ ಹಾಕಿದ ಪಠ್ಯಗಳಿಗೆ, ಕೀಲಿ ಕೊಟ್ಟು ತೆರೆಯುವ ಕಡತಗಳಿಗೆ, ವ್ಯವಸ್ಥೆ ಇದೆ. ನ್ಯೂ ಇಂಟರ್‌ನ್ಯಾಷನಲ್ ಆವೃತ್ತಿಯಿಂದ 500 ವಚನಗಳವರೆಗೆ, ಕೆಲವು ಷರತ್ತುಗಳಿಗೆ ಒಳಪಟ್ಟು, ಅನುಮತಿಯಿಲ್ಲದೆ ಉಲ್ಲೇಖಿಸಬಹುದು. ಪುಸ್ತಕ ಬರೆಯುವವನಿಗೆ ಅಷ್ಟು ಧಾರಾಳವಾಯಿತು, ತಂತ್ರಾಂಶ ಬರೆಯುವವನಿಗೆ ಯಾತಕ್ಕೂ ಸಾಲದು. ನಾಲ್ಕು ಶತಮಾನ ಹಳೆಯ ಕಿಂಗ್ ಜೇಮ್ಸ್ ಕೂಡ ಬ್ರಿಟನ್ನಿನಲ್ಲಿ ಇಂದಿಗೂ ರಾಜಮನೆತನದ ಮುದ್ರಣ ಹಕ್ಕಿನ ಕೆಳಗಿದೆ. ಬೇರೆಡೆ ಅದು ಎಲ್ಲರದು.

ಪಠ್ಯವನ್ನೇ ಬಿಡಿಸಿ ಎನ್ನುವ ನಾಲ್ಕನೆಯ ಪಂಥ ಇಲ್ಲಿ ಹುಟ್ಟಿತು. ಮೈಕೆಲ್ ಪಾಲ್ ಜಾನ್ಸನ್ 1901ರ ಅಮೆರಿಕನ್ ಸ್ಟ್ಯಾಂಡರ್ಡ್ ಆವೃತ್ತಿಯನ್ನು ಪರಿಷ್ಕರಿಸಿ ವರ್ಲ್ಡ್ ಇಂಗ್ಲಿಷ್ ಬೈಬಲ್ ಮಾಡಿ, ಹಕ್ಕು ಇಟ್ಟುಕೊಳ್ಳದೆ ಬಿಟ್ಟರು. ಟಿಮ್ ಜೋರ್ 2013ರ ‘ದ ಕ್ರಿಶ್ಚಿಯನ್ ಕಾಮನ್ಸ್’ ಪುಸ್ತಕದಲ್ಲಿ, ಸಣ್ಣ ಭಾಷೆಗಳ ಸಭೆಗಳು ಬೈಬಲ್ ಸಾಮಗ್ರಿಯನ್ನು ತಾವೇ ಅನುವಾದಿಸಿ, ತಿದ್ದಿ, ಹಂಚಲು ಮುಕ್ತ ಪರವಾನಗಿಯೇ ದಾರಿ ಎಂದು ವಾದಿಸಿದರು. ಕಾನ್ಲಿ ಓವೆನ್ಸ್ 2021ರ ‘ದ ಡೋರಿಯನ್ ಪ್ರಿನ್ಸಿಪಲ್’ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುವಾರ್ತಾ ಸೇವೆಗೆ ಬೆಲೆ ಕಟ್ಟುವುದೇ ತಪ್ಪು, ಸಹೋದ್ಯೋಗಿಗಳಾಗಿ ಬೆಂಬಲಿಸುವುದು ಸರಿ ಎಂದರು. ಬೆರಿಯನ್ ಸ್ಟ್ಯಾಂಡರ್ಡ್ ಬೈಬಲ್ 2023ರಲ್ಲಿ ಸಾರ್ವಜನಿಕ ಸ್ವತ್ತಾಯಿತು. ಅನುವಾದಕರ ತಂಡಗಳಿಗೆ ವರ್ಷಗಟ್ಟಲೆ ಸಂಬಳ ಯಾರು ಕೊಡುತ್ತಾರೆ ಎಂಬ ಎದುರು ಪ್ರಶ್ನೆಗೆ ದಾನಿಗಳು ಎಂಬುದೇ ಇವರ ಉತ್ತರ. ಅದು ಪೂರ್ಣ ಉತ್ತರವಲ್ಲ. ಆದರೂ ಸಮಸ್ಯೆಯ ನಾಡಿ ಹಿಡಿದವರು ಇವರೇ.

ದೊಡ್ಡ ಆ್ಯಪ್‌ನ ನೆರಳು

2008ರ ಜುಲೈಯಲ್ಲಿ ಆ್ಯಪಲ್ ತನ್ನ ಆ್ಯಪ್ ಅಂಗಡಿ ತೆರೆದ ದಿನವೇ ಓಕ್ಲಹೋಮಾದ ಲೈಫ್.ಚರ್ಚ್ ಎಂಬ ಸಭೆಯ ಬೈಬಲ್ ಆ್ಯಪ್ ಯೂವರ್ಷನ್ ಅಲ್ಲಿತ್ತು. 2021ರಲ್ಲಿ ಅದರ ಇನ್‌ಸ್ಟಾಲ್ ಸಂಖ್ಯೆ 50 ಕೋಟಿ ಮುಟ್ಟಿತು. ಅದು ಉಚಿತ, ಆದರೆ ಮುಕ್ತವಲ್ಲ. ಹಿಂದೆ ದೊಡ್ಡ ಸಭೆಯೂ ದಾನಿಗಳೂ ಇದ್ದಾರೆ. ಬೈಬಲ್ ಓದಲಿಕ್ಕಷ್ಟೇ ಒಂದು ಆ್ಯಪ್ ಬರೆಯುವುದರಲ್ಲಿ ಒಂಟಿ ಪ್ರೋಗ್ರಾಮರನಿಗೆ ಈಗ ಅರ್ಥ ಉಳಿದಿಲ್ಲ. ಅವನಿಗೆ ಉಳಿದಿರುವುದು ಆಳದ ಅಧ್ಯಯನ, ಸಣ್ಣ ಭಾಷೆ, ವಿಚಿತ್ರ ಅಗತ್ಯ.

ಆ್ಯಪ್ ಅಂಗಡಿಗಳ ನಿಯಮವೂ ಅವನ ಮೇಲೆ ಭಾರ ಹೇರುತ್ತದೆ. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಗೂಗಲ್‌ಗೆ ಒಂದೇ ಬಾರಿ 25. 2023ರ ಕೊನೆಯಿಂದ ಗೂಗಲ್, ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಒಂದಿಷ್ಟು ಪರೀಕ್ಷಕರನ್ನು 14 ದಿನ ಒಟ್ಟುಗೂಡಿಸಬೇಕು ಎಂದಿತು. ಅಂಗಡಿಯ ಷರತ್ತಿಗೂ ಜಿಪಿಎಲ್‌ಗೂ ಹೊಂದುವುದಿಲ್ಲ ಎಂಬ ತಕರಾರಿನಿಂದ 2011ರಲ್ಲಿ ವಿಎಲ್‌ಸಿ ಎಂಬ ವಿಡಿಯೊ ತಂತ್ರಾಂಶ ಆ್ಯಪಲ್ ಅಂಗಡಿಯಿಂದ ಇಳಿಯಿತು. 2021ರಲ್ಲಿ ಸರ್ಕಾರಿ ಪರವಾನಗಿಯ ಕಾರಣಕ್ಕೆ ಆಲಿವ್ ಟ್ರೀ ಕಂಪನಿ ತನ್ನ ಬೈಬಲ್ ಆ್ಯಪನ್ನು ಚೀನಾದ ಅಂಗಡಿಯಿಂದ ಹಿಂತೆಗೆಯಿತು. ಫ್ಲಾಪಿಯ ಕಾಲದಲ್ಲಿ ಬಿಡುಗಡೆಗೆ ಇಂಥ ಬಾಗಿಲು ಕಾಯುವವರು ಇರಲಿಲ್ಲ.

ಕನ್ನಡದ ಕಡೆಯಿಂದ

ಕನ್ನಡದಲ್ಲಿ ಪೂರ್ಣ ಬೈಬಲ್ ಬಂದದ್ದು 1831ರ ಹೊತ್ತಿಗೆ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರ ಶ್ರಮದಿಂದ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಬಳಕೆಯಲ್ಲಿರುವ ಸತ್ಯವೇದವನ್ನು ಹೊರತರುವುದು ಬೆಂಗಳೂರಿನ ಭಾರತೀಯ ಸತ್ಯವೇದ ಸಂಘ, ಅಂದರೆ ಬೈಬಲ್ ಸೊಸೈಟಿ ಆಫ್ ಇಂಡಿಯಾ. ಅದನ್ನು ತಂತ್ರಾಂಶದಲ್ಲಿ ಸೇರಿಸಲು ಅನುಮತಿ ಬೇಕು. 2019ರ ಇಂಡಿಯನ್ ರಿವೈಸ್ಡ್ ವರ್ಷನ್‌ನ ಕನ್ನಡ ಪಠ್ಯವಾದರೋ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಸಿಗುತ್ತದೆ. ಕನ್ನಡಕ್ಕೆಂದು ಆ್ಯಪ್ ಬರೆಯಲು ಹೊರಟವನು ಜನ ಬಾಯಿಪಾಠ ಮಾಡಿದ ಪಠ್ಯಕ್ಕೆ ಅರ್ಜಿ ಹಾಕಬೇಕು, ಇಲ್ಲವೇ ಬಾಯಿಗೆ ಇನ್ನೂ ಕೂರದ ಪಠ್ಯವನ್ನು ಮುಕ್ತವಾಗಿ ಬಳಸಬೇಕು. ನಾನಾದರೆ ಎರಡನೆಯದನ್ನು ಆರಿಸುತ್ತೇನೆ. ಓದುಗರು ಆರಿಸುತ್ತಾರೆಂದು ಹೇಳಲಾರೆ.

ಹುಡುಕಾಟದ ತೊಡಕು ಇನ್ನೂ ದೊಡ್ಡದು. ಇಂಗ್ಲಿಷಿನಲ್ಲಿ ಪದ ಕೊಟ್ಟರೆ ಪದ ಸಿಗುತ್ತದೆ. ಕನ್ನಡದಲ್ಲಿ ‘ಮರ’ ಎಂದು ಹುಡುಕಿದರೆ ಮರಕ್ಕೆ, ಮರದಲ್ಲಿ, ಮರಗಳಿಂದ ಎಲ್ಲವೂ ಬರಬೇಕು, ‘ಮರಣ’ ಬರಬಾರದು. ‘ಬಾ’ ಹುಡುಕಿದವನಿಗೆ ಬಂದನು, ಬರುವನು, ಬಾರದೆ ಎಲ್ಲ ಸಿಗಬೇಕು. ಅಕ್ಷರ ಹೋಲಿಸುವ ಸರಳ ಕೋಡ್ ಇಲ್ಲಿ ಮಕಾಡೆ ಮಲಗುತ್ತದೆ. ಸ್ಟ್ರಾಂಗ್ ಸಂಖ್ಯೆ ಅಂಟಿಸಲು ಹೋದರೂ ಅಷ್ಟೆ: ಗ್ರೀಕಿನಲ್ಲಿ ಪ್ರತ್ಯೇಕ ನಿಲ್ಲುವ ಅವ್ಯಯ ಕನ್ನಡದಲ್ಲಿ ವಿಭಕ್ತಿಯಾಗಿ ನಾಮಪದದೊಳಗೆ ಸೇರಿಹೋಗಿರುತ್ತದೆ, ಒಂದೇ ಪದಕ್ಕೆ ಎರಡು ಸಂಖ್ಯೆ ಬೇಕಾಗುತ್ತದೆ. ಪ್ರೊಟೆಸ್ಟಂಟ್ ಪಠ್ಯದ ‘ಯೆಹೋವ’ ಕಥೋಲಿಕರ ಓದಿನಲ್ಲಿ ‘ಸರ್ವೇಶ್ವರ’. ಒಂದರಲ್ಲಿ ಹುಡುಕಿದ್ದು ಇನ್ನೊಂದರಲ್ಲಿ ಸಿಗದು.

ಒಂಟಿ ಪ್ರೋಗ್ರಾಮರ್ ಒಂದು ಭಾಷೆಗೆ ಏನು ಮಾಡಬಲ್ಲ ಎಂಬುದಕ್ಕೆ ಕನ್ನಡದಲ್ಲೇ ನಿದರ್ಶನವಿದೆ. ಶೇಷಾದ್ರಿವಾಸು 1998ರಲ್ಲಿ ಬಿಟ್ಟ ‘ಬರಹ’ ಹೊರನಾಡಿನ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ದಾರಿಯಾಯಿತು. ಮೊದಲು ಉಚಿತವಾಗಿದ್ದದ್ದಕ್ಕೆ ಆಮೇಲೆ ಬೆಲೆ ಬಂದಾಗ ಎದ್ದ ಗೊಣಗಾಟ ನೆನಪಿದ್ದವರಿಗೆ ಮೇಲಿನ ಮೊದಲ ಎರಡು ಪಂಥಗಳ ಜಗಳ ಹೊಸದೆನಿಸದು.

ಕಾನೂನಿನ ಒಂದು ವಿಪರ್ಯಾಸವನ್ನೂ ಹೇಳಬೇಕು. ಭಾರತದಲ್ಲಿ ಧಾರ್ಮಿಕ ಕಾರ್ಯಕ್ರಮಕ್ಕೆ ವಿದೇಶಿ ದೇಣಿಗೆ ಪಡೆಯಲು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಸಾಮಾನ್ಯ ವ್ಯಾಪಾರದಲ್ಲಿ ಸರಕಿಗೋ ಸೇವೆಗೋ ಬಂದ ಬೆಲೆ ಆ ಕಾಯ್ದೆಯ ಲೆಕ್ಕದಲ್ಲಿ ದೇಣಿಗೆಯಲ್ಲ. ಉಚಿತವಾಗಿ ಹಂಚಿ ಹೊರದೇಶದ ಬೆಂಬಲಿಗರನ್ನು ನೆಚ್ಚುವುದಕ್ಕಿಂತ ಬೆಲೆ ಇಟ್ಟು ಮಾರುವುದೇ ಇಲ್ಲಿ ಸುಲಭ. ಅಮೆರಿಕದಲ್ಲಿ ಹುಟ್ಟಿದ ದಾನಿ-ಮಾದರಿಯ ವಾದಗಳನ್ನು ಇಲ್ಲಿಗೆ ತರುವವರು ಇದನ್ನು ಗಮನಿಸಿದಂತಿಲ್ಲ.

ಇನ್ನೂ ತೀರದ ಮಾತುಗಳು

ಬಳಕೆದಾರ ಹತ್ತಾರು ವರ್ಷ ಬರೆದ ಟಿಪ್ಪಣಿ, ಗುರುತು ಹಾಕಿದ ವಚನಗಳು ಯಾರವು? ಪ್ರತಿಯೊಂದು ತಂತ್ರಾಂಶವೂ ಅವನ್ನು ತನ್ನದೇ ಕಡತರೂಪದಲ್ಲಿ ಇಡುತ್ತದೆ. ಪಠ್ಯಕ್ಕೆ ಓಎಸ್‌ಐಎಸ್, ಯುಎಸ್‌ಎಫ್‌ಎಮ್ ಎಂಬ ಸಾಮಾನ್ಯ ರೂಪಗಳು ಬಂದಿವೆ, ಟಿಪ್ಪಣಿಗೆ ಎಲ್ಲರೂ ಒಪ್ಪಿದ ರೂಪವಿಲ್ಲ. ಮುಚ್ಚಿದ ಕೋಡಿನ ಉಚಿತ ತಂತ್ರಾಂಶ ಬರೆದವರಿಗೆ ವಯಸ್ಸಾಗುತ್ತಿದೆ. ಸೋರ್ಸ್ ಕೋಡನ್ನು ಮುಂದೆ ಯಾರಿಗೆ ಒಪ್ಪಿಸಬೇಕು ಎಂಬುದಕ್ಕೆ ಸಭೆಗಳಲ್ಲಾಗಲಿ ಬೈಬಲ್ ಸಂಘಗಳಲ್ಲಾಗಲಿ ರೂಢಿಯಾದ ಪದ್ಧತಿ ಕಾಣುವುದಿಲ್ಲ.

ಕೃತಕ ಬುದ್ಧಿಮತ್ತೆ ಹಳೆಯ ಪಂಥಗಳನ್ನೆಲ್ಲ ಕಲಕಿದೆ. ಹುಡುಕುವ ತಂತ್ರಾಂಶ ವಚನವನ್ನು ತೋರಿಸಿ ಸುಮ್ಮನಿರುತ್ತಿತ್ತು. ಉತ್ತರಿಸುವ ತಂತ್ರಾಂಶ ಅರ್ಥವನ್ನೂ ಹೇಳುತ್ತದೆ, ಕೆಲವೊಮ್ಮೆ ಇಲ್ಲದ ವಚನವನ್ನೂ ಹೇಳೀತು. ಅದರ ಬೋಧನೆಗೆ ಹೊಣೆ ಪ್ರೋಗ್ರಾಮರನದೋ, ಅದನ್ನು ನಂಬಿ ಬಳಸಿದ ಸಭೆಯದೋ? ಅಂಥ ಯಂತ್ರಕ್ಕೆ ಹಕ್ಕುಸ್ವಾಮ್ಯವಿರುವ ಅನುವಾದವನ್ನು ಉಣಿಸಬಹುದೇ? ಒಂದು ಅನುವಾದದಿಂದ ಕಟ್ಟಿದ ಪದಸೂಚಿ ಆ ಅನುವಾದದ ಹಕ್ಕುದಾರರದೋ, ಕಟ್ಟಿದವನದೋ? ಪ್ರಕಾಶಕರೂ ಮುಕ್ತ ಪರವಾನಗಿಯ ಪಕ್ಷದವರೂ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತಾರೆ.

ಕನ್ನಡ ಸತ್ಯವೇದದ ಪ್ರತಿಯೊಂದು ಪದವನ್ನೂ ಬಿಡಿಸಿ ಮೂಲದ ಹೀಬ್ರೂ, ಗ್ರೀಕಿಗೆ ಜೋಡಿಸುವ ಕೆಲಸವಂತೂ ಒಬ್ಬ ಪ್ರೋಗ್ರಾಮರನ ಬಿಡುವಿನ ವೇಳೆಗೆ ಮೀರಿದ್ದು. ಅದನ್ನು ಬೈಬಲ್ ಸಂಘ ಮಾಡಬೇಕೋ, ದೇವಜ್ಞಾನ ಕಾಲೇಜುಗಳೋ, ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳೋ, ಮಾಡಿದ ಮೇಲೆ ಅದು ಯಾವ ಪರವಾನಗಿಯಲ್ಲಿ ಹೊರಬರಬೇಕೋ ಎಂಬ ಚರ್ಚೆ ಕನ್ನಡದಲ್ಲಿ ಇನ್ನೂ ಶುರುವಾಗಬೇಕಿದೆ.